ಮೂಡಣಕ್ಕೆ ತಿರುಗದ ತಲೆ

ತಂಗಿ ಸಾಯ್‌ಪಿನ್‌ಗೆ ಗೊತ್ತಾದ ಮದುವೆ ಎರಡು ಸಲ ಮುರಿದಿತ್ತು. ಮೂರನೆಯದಾದರೂ ನಿಲ್ಲಲಿ ಎಂದು ನಮ್ಮ ಫ್ರೇ ಊರಿನ ಹಳೇ ಬೌದ್ಧ ದೇಗುಲಕ್ಕೆ ನಾನೇ ಅವಳನ್ನು ಕರೆದೊಯ್ದೆ. ಅಲ್ಲಿ ಶವಪೆಟ್ಟಿಗೆಯಲ್ಲಿ ಮಲಗಿಸಿ ಗ್ರಹಚಾರ ಕಳೆಯುತ್ತಾರೆ. ಮೊದಲು ಪಡುವಣಕ್ಕೆ ತಲೆಯಿಟ್ಟು ಸಾಯಬೇಕು, ಆಮೇಲೆ ಮೂಡಣಕ್ಕೆ ತಿರುಗಿ ಮಲಗಿ ಹುಟ್ಟಬೇಕು.

ಏಪ್ರಿಲ್ ಬಿಸಿಲು, ನನಗೋ ಹಸಿವು. ಸಾಯುವ ಭಾಗ ಮುಗಿದದ್ದೇ ತಡ, "ಏಳೇ ಮದುಮಗಳೇ, ಇಲ್ಲೇ ಸಂಸಾರ ಹೂಡ್ತೀಯಾ?" ಎಂದು ಕೈಹಿಡಿದು ಎಳೆದೆ. ಸಾಲಿನಲ್ಲಿದ್ದವರೆಲ್ಲ ನಕ್ಕರು.

"ಇನ್ನೂ ತಿರುಗಿಲ್ಲವಲ್ಲಮ್ಮ," ಎಂದರು ಭಿಕ್ಷು.

"ಮನೇಲಿ ತಿರುಗ್ತಾಳೆ ಬಿಡಿ ಗುರುಗಳೇ," ಎಂದೆ.

ನೂಡಲ್ಸ್ ಅಂಗಡಿಯಲ್ಲಿ ನನ್ನ ಚಹಾದ ಮಂಜುಗಡ್ಡೆ ನೋಡನೋಡುತ್ತ ಕರಗಿತು. ಅವಳು ಎರಡೂ ಕೈಯಲ್ಲಿ ಅವುಚಿ ಹಿಡಿದ ಲೋಟದಲ್ಲಿ ಒಂದು ತುಂಡೂ ಕರಗಲಿಲ್ಲ. ಮೂರು ಕಡೆ ಗೋಡೆಯೇ ಇಲ್ಲದ ಆ ಅಂಗಡಿಯಲ್ಲಿ ಮೊಣಕೈಗಳನ್ನು ಪಕ್ಕೆಗೊತ್ತಿಕೊಂಡು, "ಅಕ್ಕಾ, ತುಂಬಾ ಇಕ್ಕಟ್ಟು ಕಣೇ," ಎಂದಳು.

ದರದರ ಎಳೆದುಕೊಂಡು ದೇಗುಲಕ್ಕೆ ಮರಳಿದೆ. ಭಿಕ್ಷು ಮುಚ್ಚಳ ತೆಗೆದರು. ಪೆಟ್ಟಿಗೆ ಖಾಲಿಯಿತ್ತು. ಸಾಯ್‌ಪಿನ್ ಇಣುಕಿ ನೋಡಿ, "ಜಾಗ ಎಲ್ಲಿದೆ? ಯಾರೋ ಮಲಗಿದಾರಲ್ಲ," ಎಂದಳು.

ಮದುವೆ ಮೂರನೇ ಸಲವೂ ಮುರಿಯಿತು. ಅವಳು ನನ್ನ ಮನೆಯಲ್ಲೇ ಇದ್ದಾಳೆ, ಮೊಣಕೈ ಒತ್ತಿಕೊಂಡು. ಆ ಖಾಲಿ ಪೆಟ್ಟಿಗೆಯನ್ನು ಎತ್ತಲು ಈಗ ನಾಲ್ವರು ಬೇಕು. ಅಂದು ಬೆಳಿಗ್ಗೆ ಅದನ್ನು ಹೊತ್ತು ತಂದವರು ಇಬ್ಬರೇ.