ಒಬ್ಬನೇ ತೆಗೆಸಿದ ಬಾಗಿಲು

"ಇಳೀರಿ ಕೆಳಗೆ! ಬಟ್ಟೆ ಮೇಲೆ ಕಾಲಿಟ್ಟಿದ್ದೀರಿ!"

ಊಟದ ಬಿಡುವಿನಲ್ಲಿ ಮೇಜು ಹತ್ತಿ ಭಾಷಣಕ್ಕೆ ನಿಂತಿದ್ದ ಹೊಸ ಮೆಕ್ಯಾನಿಕ್ ತಬ್ಬಿಬ್ಬಾದ. ಹೊಲಿಗೆ ಕಾರ್ಖಾನೆಯ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು.

ಅವನು ಇಳಿದು, ಕೂಗಿದವಳ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ, "ತಪ್ಪಾಯ್ತು ಕಣ್ರೀ. ಆದ್ರೆ ಹಿಂಬಾಗಿಲಿಗೆ ಬೀಗ ಹಾಕಿ ಕೂಡಿಹಾಕ್ತಾರಲ್ಲ... ಬೆಂಕಿ ಬಿದ್ರೆ ಎಲ್ಲಿಗೆ ಓಡ್ತೀರಿ?"

ಎಂಟು ವರ್ಷದಿಂದ ಅವಳು ಆ ಬೀಗ ನೋಡುತ್ತಿದ್ದಳು. ಈ ಪ್ರಶ್ನೆ ಮಾತ್ರ ಅವಳಿಗೆ ಹೊಳೆದಿರಲಿಲ್ಲ!

ಎಲ್ಲರೂ ತಮಾಷೆಗೆ ಅವನನ್ನು 'ಕ್ರಾಂತಿಕಾರಿ' ಎಂದು ಕರೆಯತೊಡಗಿದರು. ಕಿಟಕಿಯ ಬಿಸಿಲಲ್ಲಿ ತೇಲುವ ನೂಲಿನ ಎಳೆಗಳ ನಡುವೆ ಅವನು ನಡೆದು ಬಂದರೆ, ಮಿಷನ್‌ಗಳ ಗದ್ದಲವೆಲ್ಲ ಎಲ್ಲೋ ದೂರ ಸರಿದಂತೆ...

ಅವಳ ಮಿಷನ್ ವಾರಕ್ಕೆ ಮೂರು ಸಲ ಕೆಡತೊಡಗಿತು.

"ಕಾಯಿಲೆ ಮಿಷನ್ನಿಗೋ, ನಿಂಗೋ?" ಪಕ್ಕದ ಸೀಟಿನ ಅಕ್ಕ ಕೆಣಕಿದಳು.

ಕೊನೆಗೆ ಬೀಗ ತೆಗೆಸಬೇಕೆಂದು ಎಲ್ಲರೂ ಮುಷ್ಕರಕ್ಕೆ ಕುಳಿತರು. ಮೂರನೆಯ ದಿನ ಮಾಲೀಕ ಅವನೊಬ್ಬನನ್ನೇ ಒಳಗೆ ಕರೆಸಿಕೊಂಡ. ಮರುದಿನ ಬಾಗಿಲಿನ ಬೀಗ ಹೋಗಿತ್ತು.

ಅವನೂ ಹೋಗಿದ್ದ!

"ಒಳಗೊಳಗೇ ರಾಜಿಯಾಗಿ ಜಾರ್ಕೊಂಡ" ಎಂದಿತು ಊರ ಬಾಯಿ. 'ನನಗೂ ಒಂದು ಮಾತು ಹೇಳಲಿಲ್ಲವಲ್ಲ...' ಎಂದುಕೊಂಡಳು ಅವಳು. ಅವಳ ಮಿಷನ್ ಆಮೇಲೆ ಒಮ್ಮೆಯೂ ಕೆಡಲಿಲ್ಲ.

ಎರಡು ತಿಂಗಳ ಮೇಲೆ, ತಮ್ಮ ನಿವೃತ್ತಿಯ ದಿನ, ಕಾರ್ಖಾನೆಯ ಹಳೆಯ ಗುಮಾಸ್ತರು ಅವಳ ಬಳಿ ಬಾಯಿಬಿಟ್ಟರು.

"ಬಾಗಿಲು ತೆಗಿಸ್ತೀನಿ, ನೀನು ಕೆಲಸ ಬಿಡು, ಕಾರಣ ಯಾರಿಗೂ ಹೇಳಕೂಡದು ಅಂದ್ರು ಯಜಮಾನ್ರು. ಮರುಮಾತಿಲ್ದೆ ಸಹಿ ಹಾಕ್ದ ಕಣಮ್ಮಾ."

ಅವಳು ಮನಸಾರೆ ಅತ್ತಳು. ಆಮೇಲೆ ಮುಖ ತೊಳೆದು, ಎಲ್ಲರನ್ನೂ ಕರೆದು ಕೂರಿಸಿದಳು.

ಆ ಭಾನುವಾರ ಹುಡುಕಿಕೊಂಡು ಹೋದವಳಿಗೆ ಊರಾಚೆಯ ರಿಪೇರಿ ಅಂಗಡಿಯಲ್ಲಿ ಅವನು ಸಿಕ್ಕಿದ. ಅವಳನ್ನು ಕಂಡು ಅವನ ಕೈಯಲ್ಲಿದ್ದ ಸ್ಪ್ಯಾನರ್ ಜಾರಿ ಬಿತ್ತು.

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಸುಮ್ನಿರ್ತಿದ್ರಾ? ಮತ್ತೆ ಬೀಗ ಬೀಳ್ತಿತ್ತು... ನೀವು ಒಳಗಿದ್ದಾಗ್ಲೇ. ಆ ಬಾಗಿಲು ತೆರೆದಿರ್ಬೇಕು, ನನಗೆ ಕ್ರಾಂತಿ ಅಂದ್ರೆ ಅಷ್ಟೇ."

ಅವಳ ಕಣ್ಣು ತುಂಬಿತು. ಆದರೆ ಮಾತು ನಡುಗಲಿಲ್ಲ.

"ಎಲ್ಲರ ಪರವಾಗಿ ಒಬ್ರೇ ನಿರ್ಧಾರ ಮಾಡೋದು ಮಾಲೀಕರ ಬುದ್ಧಿ. ಅದು ನಿಮಗ್ಯಾಕೆ?"

ಅವನು ತಲೆ ತಗ್ಗಿಸಿದ.

ಅವಳು ಮಡಚಿದ ಹಾಳೆ ಬಿಡಿಸಿದಳು. ಮುನ್ನೂರು ಸಹಿಗಳು. "ಯಜಮಾನ್ರು ನಿಮ್ಮನ್ನ ವಾಪಸ್ ತಗೋಬೇಕು, ಬಾಗಿಲಿಗೆ ಮತ್ತೆ ಬೀಗ ಬೀಳಕೂಡದು. ಇಲ್ಲಾಂದ್ರೆ ನಾಳೆಯಿಂದ ಒಂದು ಮಿಷನ್ನೂ ತಿರುಗಲ್ಲ. ಎಲ್ಲ ಕೂತು ಮಾತಾಡಿ ಆಗಿದೆ."

ಅವನು ಹಾಳೆಯನ್ನೇ ನೋಡುತ್ತ ಕೇಳಿದ, "ಮೊದಲನೇ ಸಹಿ ನಿಮ್ಮದಾ?"

"ಹೂಂ."

"ಬರೀ ಕಾರ್ಖಾನೆಗಾ ಕರೀತಿರೋದು... ಅಥವಾ..."

ಅವಳ ಕೆನ್ನೆ ಕೆಂಪೇರಿತು. ಅಲ್ಲೇ ಇದ್ದ ಸ್ಟೂಲನ್ನು ಅವನ ಸ್ಟೂಲಿನ ಪಕ್ಕಕ್ಕೆಳೆದು ಕುಳಿತಳು.

"ಅದನ್ನ ನಾನೊಬ್ಬಳೇ ಹೇಳೋಕಾಗಲ್ಲ. ನೀವೂ ಕೂತ್ಕೊಳ್ಳಿ... ಇಬ್ರೂ ಸೇರಿ ತೀರ್ಮಾನ ಮಾಡೋಣ."