ಎರಡಿಂಚು ಎತ್ತರ, ಎಪ್ಪತ್ತೆಂಟು ಕಿಲೋ

ಈ ಕಥೆಯಲ್ಲಿ ಒಂದು ಮಾತು ಸುಳ್ಳಿದ್ದರೂ ಹೇಳುವವನ ನಾಲಿಗೆಯ ತುದಿಗೆ ಜೇನುಹುಳ ಕಚ್ಚಲಿ. ಒಂದಲ್ಲ, ನಲವತ್ತು. ಇದೇನು ಸುಮ್ಮನೆ ಇಟ್ಟ ಆಣೆಯಲ್ಲ. ನಡೆದದ್ದಕ್ಕೆಲ್ಲ ಹುಳಗಳೇ ಸಾಕ್ಷಿ. ಅವುಗಳ ಮರಿಮಕ್ಕಳು ಇವತ್ತಿಗೂ ಇವೆ, ಅನುಮಾನವಿದ್ದವರು ಹೋಗಿ ಕೇಳಬಹುದು.

ಊರಾಚೆ, ಲಾರಿಗಳು ತಿರುಗುವ ಅಡ್ಡರಸ್ತೆಯಲ್ಲಿ ಒಂದು ತಗಡಿನ ಶೆಡ್ಡು. ಅಲ್ಲಿ ಗಾಡಿಗಳಿಗೆ ಸ್ಪ್ರಿಂಗ್ ಪಟ್ಟಿ ಕಟ್ಟುವ ಮೇಸ್ತ್ರಿ. ವಯಸ್ಸು ನಲವತ್ತೊಂದು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆಲ್ಲ "ಪುರುಸೊತ್ತೇ ಸಿಗ್ಲಿಲ್ಲ" ಎನ್ನುತ್ತಿದ್ದ, ಮಗುಚಿದ ಡ್ರಮ್ಮಿನ ಮೇಲೆ ಕಾಲುಗಂಟೆಯಿಂದ ಖಾಲಿ ಕೂತುಕೊಂಡು. ಶೆಡ್ಡಿನ ಇನ್ನೊಂದು ಅರ್ಧದಲ್ಲಿ ಅವನ ಅಕ್ಕ ಟೈರ್ ಬಿಚ್ಚುತ್ತಿದ್ದಳು. ಅವಳ ಕೈ ಜೋರು. ಬಾಯಿ ಇನ್ನೂ ಜೋರು.

ಒಂದು ಬೆಳಿಗ್ಗೆ ಒಂದು ಹಳೆಯ ಪಿಕಪ್ ಬಂದು ನಿಂತಿತು. ಮೇಸ್ತ್ರಿ ಬೆನ್ನಿನಡಿ ಹಲಗೆ ಹಾಕಿಕೊಂಡು ಗಾಡಿಯ ಕೆಳಗೆ ಜಾರಿದ. ಜಾರಿದರೆ, ಆ ಕಡೆಯಿಂದ ಒಬ್ಬ ಹೆಂಗಸು ಆಗಲೇ ಜಾರಿಬಂದು ಮಲಗಿದ್ದಳು. ತಲೆಗೆ ಟೋಪಿ, ಟೋಪಿಯಿಂದ ಕತ್ತಿನವರೆಗೆ ಕಪ್ಪು ಬಲೆ. ಮೇಣ ಮತ್ತು ಹೊಗೆಯ ವಾಸನೆ. ಇಬ್ಬರ ಮೂಗಿನ ನಡುವೆ ಒಂದು ಆಕ್ಸಲ್.

"ಇಲ್ಲಿ ನೋಡಿ," ಎಂದಳು, ಕೆರೆದುಹೋದ ಕಬ್ಬಿಣಕ್ಕೆ ಬೆರಳಿಟ್ಟು. "ಬೆಟ್ಟದ ದಾರೀಲಿ ಒಂದು ಬಂಡೆ ಇದೆ. ಪ್ರತಿ ಸಲ ಹೊಟ್ಟೆ ಉಜ್ಜಿಕೊಂಡೇ ದಾಟೋದು. ಸ್ವಲ್ಪ ಎತ್ತರ ಮಾಡ್ಕೊಡಿ."

"ಎಷ್ಟು? ಹುಡುಗರೆಲ್ಲ ಬಂದು ಆರಿಂಚು ಕೇಳ್ತಾರೆ."

"ನಾನು ಹುಡುಗನ ಥರ ಕಾಣ್ತೀನಾ?"

ಮೇಸ್ತ್ರಿ ನೋಡಿದ. ಬಲೆಯ ಹಿಂದೆ ಎರಡು ಕಣ್ಣು ಉತ್ತರಕ್ಕೆ ಕಾಯುತ್ತಿದ್ದವು. "ಇಲ್ಲ" ಎಂದ, ಬೇಕಾದ್ದಕ್ಕಿಂತ ತುಂಬಾ ತಡವಾಗಿ.

"ಎರಡಿಂಚು ಸಾಕು. ಆದ್ರೆ ಹಿಂದೆ ಕೂತಿರೋರಿಗೆ ಏನೂ ಗೊತ್ತಾಗಬಾರದು. ಈಗ ಹೇಗೆ ಆರಾಮಾಗಿದ್ದಾರೋ ಹಾಗೇ ಇರ್ಬೇಕು."

"ಯಾರು ಕೂತಿರ್ತಾರೆ?"

"ನಾಲ್ಕು ಲಕ್ಷ ಜನ."

ಹತ್ತು ಪೆಟ್ಟಿಗೆ ಜೇನು. ಹೂವು ಎಲ್ಲಿ ಬಿಡುತ್ತದೋ ಅಲ್ಲಿಗೆ ಪೆಟ್ಟಿಗೆ ಹೊತ್ತು ಓಡಾಡುವುದು ಅವಳ ಕಸುಬು.

"ಎತ್ತರ ಮಾಡೋದು ಯಾವ ದಡ್ಡನಿಗೂ ಬರುತ್ತೆ ಮೇಡಂ," ಎಂದ ಮೇಸ್ತ್ರಿ. ತನ್ನ ಕಸುಬಿನ ಮಾತು ಬಂದರೆ ಮಾತ್ರ ಅವನ ಬಾಯಿ ತೆರೆಯುತ್ತಿತ್ತು. "ಆಕ್ಸಲ್ ಮೇಲೆ ಒಂದು ಕಬ್ಬಿಣದ ತುಂಡಿಟ್ಟು ಬಿಗಿದ್ರೆ ಮುಗೀತು. ಇಲ್ಲಾ ಒಂದು ದಪ್ಪ ಪಟ್ಟಿ ತುರುಕಿದ್ರೆ ಮುಗೀತು. ಆಮೇಲೆ ಒಂದು ಗುಂಡಿಗೆ ಬಿದ್ರೆ ಸೊಂಟ ಬಂದು ಕುತ್ತಿಗೇಲಿ ಕೂರುತ್ತೆ, ಅಷ್ಟೇ."

"ಸೊಂಟ ಸೊಂಟದಲ್ಲೇ ಇರ್ಬೇಕು ಅಂದ್ರೆ?"

"ದಪ್ಪಗಿನ ನಾಲ್ಕು ಪಟ್ಟಿ ತೆಗೆದು ತೆಳ್ಳಗಿನ ಏಳು ಹಾಕ್ಬೇಕು. ಅವಕ್ಕೆ ಬಾಗು ಸ್ವಲ್ಪ ಜಾಸ್ತಿ ಕೊಡ್ಬೇಕು. ಶಾಕ್‌ಅಬ್ಸಾರ್ಬರ್ ಒಂಚೂರು ಉದ್ದದ್ದು. ಅರ್ಧರ್ಧ ಇಂಚು ಏರಿಸಿ, ಒಂದೊಂದ್ಸಲಾನೂ ಭಾರ ಹೇರಿ ಓಡಿಸಿ ನೋಡ್ಬೇಕು. ವಾರಕ್ಕೊಂದ್ಸಲದ ಹಾಗೆ ನಾಲ್ಕು ಸಲ ಬರ್ಬೇಕಾಗುತ್ತೆ ನೀವು."

ಒಂದೇ ಸಲಕ್ಕೆ ಆಗುವ ಕೆಲಸ. ಟೈರಿನ ಹಿಂದಿನಿಂದ ಅಕ್ಕ ಕೆಮ್ಮಿದಳು.

ಮೇಸ್ತ್ರಿಗೆ ಒಂದು ಪದ್ಧತಿಯಿತ್ತು. ಪರೀಕ್ಷೆಗೆ ಓಡಿಸುವಾಗ ಅವನು ಮುಂದೆ ಕೂರುತ್ತಿರಲಿಲ್ಲ. ಹಿಂದೆ, ಸಾಮಾನಿನ ನಡುವೆ, ಹಲಗೆಗೆ ಬೆನ್ನು ಕೊಟ್ಟು ಕೂರುತ್ತಿದ್ದ. ಸೀಟಿನ ಮೆತ್ತೆ ಸುಳ್ಳು ಹೇಳುತ್ತದೆ, ಹಲಗೆ ಹೇಳುವುದಿಲ್ಲ ಎಂಬುದು ಅವನ ನಂಬಿಕೆ. ಕಲ್ಲು ಹೇರಿದ ಗಾಡಿಯಲ್ಲೂ ಹೀಗೇ ಕೂತವನು, ಜೇನಿಗೆ ಹೆದರುತ್ತಾನೆಯೇ?

ಹೆದರಬೇಕಿತ್ತು. ಮೊದಲನೆಯ ಗುಂಡಿಗೆ ನಾಲ್ಕು ಲಕ್ಷ ಹುಳ ಒಟ್ಟಿಗೆ "ಹ್ಞೂಂ" ಎಂದವು, ಮಾವನ ಮನೆಯಲ್ಲಿ ಮುನಿಸಿಕೊಂಡ ಅಳಿಯನ ಹಾಗೆ. ಪೆಟ್ಟಿಗೆಯ ಬಾಯಿ ಎಷ್ಟು ಮುಚ್ಚಿದರೂ ಸಿಟ್ಟು ಬಂದ ಹುಳಕ್ಕೆ ದಾರಿ ಸಿಕ್ಕೇ ಸಿಗುತ್ತದೆ. ವಾಪಸು ಬರುವಷ್ಟರಲ್ಲಿ ಮೇಸ್ತ್ರಿಯ ಮೈಮೇಲೆ ಏಳು ಮುಳ್ಳು.

"ಅಲ್ಲಾಡ್ಬೇಡಿ," ಎಂದು ಅವಳು ಅವನನ್ನು ಡ್ರಮ್ಮಿನ ಮೇಲೆ ಕೂರಿಸಿದಳು. "ಮುಳ್ಳನ್ನ ಹಿಂಡಿ ಕೀಳಬಾರದು. ಉಗುರಲ್ಲಿ ಹೀಗೆ, ಪಕ್ಕದಿಂದ ಕೆರೆದು ತೆಗೀಬೇಕು."

ಕಿವಿಯ ಹಿಂದೆ ಒಂದು. ಕತ್ತಿನ ಮೇಲೆ ಎರಡು. ಮುಂಗೈ ಮೇಲೆ ನಾಲ್ಕು. ನೋಡುವುದಕ್ಕೆಂದು ಅವಳು ಬಲೆಯನ್ನು ಮೇಲೆತ್ತಿಕೊಂಡಿದ್ದಳು. ಹುಬ್ಬಿನ ಪಕ್ಕ ಒಂದು ಹಳೆಯ ಗಾಯದ ಗೆರೆ. ಗಮನವಿಟ್ಟಾಗ ಕೆಳತುಟಿಯನ್ನು ಒಳಗೆಳೆದುಕೊಳ್ಳುವ ಅಭ್ಯಾಸ. ಉಗುರು ತಾಗಿದಲ್ಲೆಲ್ಲ ಉರಿ ನಿಂತು ಇನ್ನೇನೋ ಶುರುವಾಗುತ್ತಿತ್ತು.

"ನೋವಾಗ್ತಿದೆಯಾ?"

"ಇಲ್ಲ. ಇನ್ನೊಂದು ಇಲ್ಲಿ ಇರೋ ಹಾಗಿದೆ."

"ಅದು ಮಚ್ಚೆ ಮೇಸ್ತ್ರಿ."

ಅವಳು ಬಲೆಯನ್ನು ಸರಕ್ಕನೆ ಇಳಿಸಿಕೊಂಡಳು. ನಗು ಬಂದಾಗ ಅವಳು ಬಲೆ ಇಳಿಸಿಕೊಳ್ಳುತ್ತಾಳೆ ಎಂದು ಅವನಿಗೆ ಅವತ್ತೇ ಗೊತ್ತಾಯಿತು. ಮೂವತ್ತು ಗಾಡಿಯ ಸದ್ದಿನಲ್ಲಿ ಸಡಿಲವಾದ ಒಂದು ಬೋಲ್ಟನ್ನು ಹುಡುಕಬಲ್ಲವನು, ಬಲೆಯ ಹಿಂದಿನ ನಗುವನ್ನು ಹುಡುಕಲಾರನೇ?

ಎರಡನೆಯ ಸಲ ನಾಲ್ಕು ಮುಳ್ಳು. ನಾಲ್ಕನೆಯದನ್ನು ತೆಗೆಯುತ್ತಾ ಅವಳು ಹೇಳಿದಳು, "ಬೆಟ್ಟದ ತೋಟದವರು ಅಲ್ಲೇ ಇದ್ದುಬಿಡಿ ಅಂತಿದ್ದಾರೆ. ವರ್ಷಪೂರ್ತಿ ಹೂವು ಇರುತ್ತಂತೆ. ಮನೇನೂ ಕೊಡ್ತಾರೆ. ಆ ಬಂಡೆ ಒಂದನ್ನ ದಾಟಿಬಿಟ್ರೆ ಆಮೇಲೆ ಇಳಿದು ಬರೋ ಕೆಲಸಾನೇ ಇರಲ್ಲ."

"ಒಳ್ಳೇದೇ ಆಯ್ತಲ್ಲ," ಎಂದ ಮೇಸ್ತ್ರಿ, ಹಲ್ಲು ಕೀಳಿಸಿಕೊಂಡು ಬಂದವನ ದನಿಯಲ್ಲಿ.

ಅಲ್ಲಿಂದ ಅವನ ಪಾಡು ಹೇಳತೀರದು. ಕೆಲಸ ಎಷ್ಟು ಚೆನ್ನಾದರೆ ಮುಳ್ಳು ಅಷ್ಟು ಕಡಿಮೆ. ಮುಳ್ಳು ಕಡಿಮೆಯಾದರೆ ಉಗುರೂ ಕಡಿಮೆ. ಎರಡಿಂಚು ಪೂರ್ತಿಯಾದ ದಿನ ಅವಳೂ ಇಲ್ಲ.

ಮೂರನೆಯ ವಾರ ಅವನು ರಾಶಿಯಿಂದ ಒಂದು ದಪ್ಪ ಪಟ್ಟಿ ಎತ್ತಿಕೊಂಡ. ಇದೊಂದನ್ನು ನಡುವೆ ತುರುಕಿದರೆ ಗಾಡಿ ಕುಣಿಯುತ್ತದೆ, ಮತ್ತೆ ಏಳು ಮುಳ್ಳು, ಮತ್ತೆ ನಾಲ್ಕು ವಾರ. ಪಟ್ಟಿ ಹಿಡಿದು ಎಷ್ಟು ಹೊತ್ತು ನಿಂತಿದ್ದನೆಂದರೆ ಅದರ ಮೇಲೆ ಎರಡು ಗುಬ್ಬಚ್ಚಿ ಬಂದು ಕೂತು ಜಗಳವಾಡಿ ಹೋದವು. ಕೊನೆಗೆ ವಾಪಸು ಎಸೆದ. ಕೆಟ್ಟ ಕೆಲಸ ಅವನ ಕೈಗೆ ಬರುತ್ತಿರಲಿಲ್ಲ. ಒಳ್ಳೆಯ ಮಾತು ಬಾಯಿಗೆ ಬರುತ್ತಿರಲಿಲ್ಲ.

"ಹೇಳೋ," ಎಂದಳು ಅಕ್ಕ. "ಇದ್ದುಬಿಡಿ ಅಂತ ಹೇಳೋಕೆ ಸ್ಪ್ಯಾನರ್ ಬೇಕಾ?"

"ಏನಂತ ಹೇಳ್ಲಿ ಅಕ್ಕ? ಅವರ ಹೂವೆಲ್ಲ ಮೇಲಿದೆ. ಇಲ್ಲಿ ಏನಿದೆ, ಗ್ರೀಸು."

ನಾಲ್ಕನೆಯ ಸಲ ಎರಡಿಂಚು ಸರಿಯಾಗಿ ನಿಂತಿತು. ಗುಂಡಿ, ಉಬ್ಬು, ರೈಲುಹಳಿ, ಎಲ್ಲದರ ಮೇಲೂ ಗಾಡಿ ತೊಟ್ಟಿಲ ಹಾಗೆ ಹೋಗಿಬಂತು. ನಾಲ್ಕು ಲಕ್ಷದಲ್ಲಿ ಒಂದೂ ಎದ್ದುಬರಲಿಲ್ಲ. ಕಿವಿಯಿಟ್ಟು ಕೇಳಿದರೆ ಗೊರಕೆಯ ಸದ್ದು. ಜೇನು ಕಚ್ಚಲಿಲ್ಲವೆಂದು ಕಣ್ಣೀರು ತಂದುಕೊಂಡ ಗಂಡಸು ಪ್ರಪಂಚದಲ್ಲಿ ಇವನೊಬ್ಬನೇ.

ಅವಳು ಅವನ ಸುತ್ತ ಒಂದು ಸುತ್ತು ಬಂದಳು. ಕಿವಿಯ ಹಿಂದೆ ನೋಡಿದಳು. ಮುಂಗೈ ತಿರುಗಿಸಿ ನೋಡಿದಳು. ಹಿಡಿದ ಕೈಯನ್ನು ಬಿಡಲು ಸ್ವಲ್ಪ ಹೊತ್ತು ತೆಗೆದುಕೊಂಡಳು.

"ಒಂದೂ ಇಲ್ಲ."

"ಒಂದೂ ಇಲ್ಲ."

"ಹಾಗಾದ್ರೆ ನಾಳೆ ಹೊರಡ್ತೀನಿ. ಇನ್ನೇನಾದ್ರೂ ಹೇಳೋದಿದೆಯಾ ಮೇಸ್ತ್ರಿ?"

ಅಕ್ಕ ಗಾಳಿ ತುಂಬುವುದನ್ನು ನಿಲ್ಲಿಸಿದಳು. ಮೇಸ್ತ್ರಿ ಗಂಟಲು ಸರಿಮಾಡಿಕೊಂಡ.

"ಐನೂರು ಕಿಲೋಮೀಟರ್ ಆದ್ಮೇಲೆ ಎಲ್ಲಾ ಬೋಲ್ಟು ಒಂದ್ಸಲ ಟೈಟ್ ಮಾಡಿಸ್ಕೊಳ್ಳಿ."

"ಯಾರ ಹತ್ರ?"

"ಯಾರಾದ್ರೂ ಆಗುತ್ತೆ."

ಅವಳು ಬಲೆ ಇಳಿಸಿಕೊಂಡಳು. ಈ ಸಲ ಅದರ ಹಿಂದೆ ನಗು ಇರಲಿಲ್ಲ. ಅದೂ ಅವನಿಗೆ ಗೊತ್ತಾಯಿತು. ಗಾಡಿ ತಿರುವು ದಾಟಿದ ಮೇಲೆ ಅಕ್ಕ ಅವನ ಕಡೆ ತಿರುಗಿ, "ಯಾರಾದ್ರೂ ಆಗುತ್ತೆ," ಎಂದಷ್ಟೇ ಹೇಳಿ, ನೂರಾರು ಟೈರು ಬಿಚ್ಚಿದ ಕೈಯಿಂದ ತನ್ನ ಹಣೆ ಚಚ್ಚಿಕೊಂಡಳು.

ಒಂದು ಹುಳ ಶೆಡ್ಡಿನಲ್ಲೇ ಉಳಿದುಹೋಗಿತ್ತು. ಪಟ್ಟಿಗಳ ರಾಶಿಯ ಸುತ್ತ ಒಂದೇ ಸಮ ಗುಂಯ್‌ಗುಡುತ್ತಿತ್ತು. ಮೇಸ್ತ್ರಿ ಬಾಟಲಿ ಮುಚ್ಚಳದಲ್ಲಿ ಅದಕ್ಕೆ ಸಕ್ಕರೆ ನೀರಿಟ್ಟ. "ನಿನ್ನೂ ಬಿಟ್ಟುಹೋದ್ರಾ?" ಎಂದು ಕೇಳಿದ. ದೂರದಲ್ಲಿ ಯಾವ ಪಿಕಪ್ ಗೇರು ಬದಲಿಸಿದರೂ ಇಬ್ಬರೂ ಸುಮ್ಮನಾಗಿ ಕೇಳುತ್ತಿದ್ದರು. ಅದಲ್ಲ ಎಂದು ಗೊತ್ತಾದ ಮೇಲೆ ಅದು ಗುಂಯ್‌ಗುಡುತ್ತಿತ್ತು, ಇವನು ಸುತ್ತಿಗೆ ಎತ್ತುತ್ತಿದ್ದ. ಬಗ್ಗಿಸಬೇಕಾದ ಪಟ್ಟಿಯನ್ನು ನೇರ ಮಾಡಿದ. ನೇರ ಮಾಡಬೇಕಾದ್ದನ್ನು ಬಗ್ಗಿಸಿದ. ಮೂವತ್ತೊಂದು ವರ್ಷ ಹಾಲಿಲ್ಲದ ಟೀ ಕುಡಿದವನು ಹಾಲು ಹಾಕಿಸಿಕೊಂಡು ಕುಡಿದು, ವ್ಯತ್ಯಾಸವೇ ತಿಳಿಯದೆ ಲೋಟ ಇಟ್ಟ.

ಒಂಬತ್ತನೆಯ ದಿನ ಬೆಳಿಗ್ಗೆ ಹುಳ ಸುಮ್ಮನಾಯಿತು. ಮತ್ತೆ ಗುಂಯ್‌ಗುಡಲಿಲ್ಲ. ನೇರ ಬಾಗಿಲ ಕಡೆ ಹಾರಿತು.

ಪಿಕಪ್ ನಿಂತಿತು. ಅವಳು ಇಳಿದಳು. ಎಡಗೆನ್ನೆ ಊದಿತ್ತು, ಒಂದು ಕಣ್ಣು ಅರ್ಧ ಮುಚ್ಚಿತ್ತು.

"ಬಂಡೆ ತಾಗ್ತಾ?" ಎಂದು ಕೇಳಿದ ಮೇಸ್ತ್ರಿ. ಕೇಳಬೇಕೆಂದಿದ್ದ ಮೊದಲನೆಯ ಮಾತು ಅದಾಗಿರಲಿಲ್ಲ.

"ಇಲ್ಲ. ಸಲೀಸಾಗಿ ದಾಟ್ತು. ಆದ್ರೆ ಹುಳ ಒಂದು ಗಳಿಗೆ ಸುಮ್ಮನಿರಲ್ಲ. ಗಾಡಿ ಹತ್ತಿದ್ರೆ ಸಾಕು, ಎಗರಿ ಬೀಳ್ತಾವೆ. ಪೆಟ್ಟಿಗೆ ಇಳಿಸೋವಾಗ ನನ್ನನ್ನೇ ಹಿಡ್ಕೊಂಡ್ವು."

ಅವಳ ಹುಬ್ಬಿನಲ್ಲಿ ಇನ್ನೂ ಒಂದು ಮುಳ್ಳಿತ್ತು. ಅಲ್ಲಿಗೆ ಅವಳ ಉಗುರು ಹೋಗಿರಲಿಲ್ಲ, ಅಥವಾ ಅವಳೇ ಬಿಟ್ಟಿದ್ದಳು. ಮೇಸ್ತ್ರಿ ಕೈ ಒರೆಸಿಕೊಂಡು, ಹಿಂಡದೆ, ಪಕ್ಕದಿಂದ ಕೆರೆದು ತೆಗೆದ. ಅವಳು ಕಣ್ಣು ಮುಚ್ಚಿಕೊಂಡಿದ್ದಳು.

ಆಮೇಲೆ ಅವನು ಗಾಡಿಯ ಕೆಳಗೆ ಹೋದ. ನಾಲ್ಕು ಕಡೆಯೂ ಅಳೆದ. ಎಲ್ಲ ಸರಿ. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಹೊರಗೆ ಬಂದು ಮಂಕಾಗಿ ನಿಂತ.

"ಲೇ ತಮ್ಮ," ಎಂದಳು ಅಕ್ಕ, ಟೈರಿನ ಮೇಲೆ ಕೂತು. "ನಾಲ್ಕು ಸಲ ಓಡಿಸಿ ನೋಡಿದ್ಯಲ್ಲ, ನೀನೆಲ್ಲಿ ಕೂತಿದ್ದೆ?"

"ಹಿಂದೆ."

"ಎಷ್ಟು ತೂಕ ನೀನು?"

"ಎಪ್ಪತ್ತೆಂಟು," ಎಂದ. ಹೇಳಿದ ಮೇಲೆ ಅವನ ಬಾಯಿ ತೆರೆದೇ ಉಳಿಯಿತು. ಏಳೂ ಪಟ್ಟಿಗಳ ಹದವನ್ನು ಅವನು ಹತ್ತು ಪೆಟ್ಟಿಗೆ ಮತ್ತು ತನ್ನ ತೂಕಕ್ಕೆ ಕೂರಿಸಿದ್ದ. ಗಾಡಿ ತೊಟ್ಟಿಲಾಗಬೇಕಾದರೆ ಅದರಲ್ಲಿ ಇವನಿರಬೇಕಿತ್ತು.

ಅವಳು ನೆಲ ನೋಡುತ್ತಾ ಹೇಳಿದಳು, "ನನಗೂ ಹಾಗೇ ಅನ್ಸಿತ್ತು. ಒಂದು ಮರಳು ಮೂಟೆ ಇಟ್ಟು ನೋಡಿದೆ. ಹುಳ ಒಪ್ಪಲಿಲ್ಲ." ತಡೆದು, "ಮೇಲೆ ತೋಟದಲ್ಲಿ ಹದಿನಾರು ಗಾಡಿ ಇದಾವೆ. ಒಂದಕ್ಕೂ ಪಟ್ಟಿ ನೆಟ್ಟಗಿಲ್ಲ. ಮೇಸ್ತ್ರಿ ಯಾರೂ ಇಲ್ಲ. ಯಾರಾದ್ರೂ ಆಗಲ್ಲ."

ಇಷ್ಟು ಹೇಳಿ ಬಲೆ ಇಳಿಸಿಕೊಳ್ಳಲು ಕೈಯೆತ್ತಿದಳು. ಬಲೆ ಇರಲಿಲ್ಲ, ಟೋಪಿ ಗಾಡಿಯಲ್ಲಿತ್ತು. ನಗು ಹಾಗೇ ಬಯಲಲ್ಲಿ ನಿಂತುಬಿಟ್ಟಿತು.

ಮೇಸ್ತ್ರಿ ಅದನ್ನು ನೋಡಿದ. ನಲವತ್ತೊಂದು ವರ್ಷದಲ್ಲಿ ಇಂಥದ್ದೊಂದು ಗಳಿಗೆ ಬಂದರೆ ಯಾರಾದರೂ ಏನು ಹೇಳುತ್ತಾರೋ ಅದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅವನ ಬಾಯಿಗೆ ಬಂತು.

"ಮೂಟೆ ಇಟ್ಟ ಜಾಗ ತಪ್ಪಿರುತ್ತೆ ಮೇಡಂ. ಹಿಂದಿನ ಆಕ್ಸಲ್ಲಿಗೆ ಸರಿಯಾಗಿ ಮೇಲೆ ಇಡ್ಬೇಕು. ಒಂದೇ ಮೂಟೆ ಅಲ್ಲ, ಎರಡು ಮಾಡಿ, ಆ ಕಡೆ ಈ ಕಡೆ ಸಮವಾಗಿ ಕಟ್ಟಿದ್ರೆ, ತಿರುವಲ್ಲಿ ಭಾರ ಒಂದೇ ಕಡೆ ವಾಲದೆ..."

ಅವಳು ಪೂರ್ತಿ ಕೇಳಲು ನಿಲ್ಲಲಿಲ್ಲ. ಗಾಡಿಯ ಸುತ್ತ ಬಳಸಿ ಹೋಗಿ ಇನ್ನೊಂದು ಕಡೆಯ ಬಾಗಿಲು ತೆರೆದಳು. ಸೀಟಿನ ಮೇಲಿದ್ದ ಟೋಪಿಯನ್ನು ಎತ್ತಿಕೊಂಡು, ಬಾಗಿಲನ್ನು ಹಾಗೇ ತೆರೆದು ಬಿಟ್ಟು, ತಾನು ಈ ಕಡೆ ಬಂದು ಹತ್ತಿ ಕೂತು ಗಾಡಿ ಸ್ಟಾರ್ಟ್ ಮಾಡಿದಳು.

ಲೆಕ್ಕದ ಪ್ರಕಾರ ಅವನು ಹಿಂದೆ ಕೂರಬೇಕು. ಮುಂದೆ ಕೂತರೆ ಹದ ತಪ್ಪುತ್ತದೆ. ಅದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಜೀವಮಾನದಲ್ಲಿ ಮೊದಲ ಸಲ ಮೇಸ್ತ್ರಿ ಲೆಕ್ಕದ ಮಾತೆತ್ತಲಿಲ್ಲ.

ಅಕ್ಕ ಎದ್ದು ಬಂದು ಅವನ ಕೈಯಿಂದ ಸ್ಪ್ಯಾನರ್ ಬಿಡಿಸಿಕೊಂಡಳು.

"ಹೋಗಿ ಹತ್ತೋ," ಎಂದಳು, "ಮೂಟೆ."