ಐದನೇ ಗಂಟೆಯ ಒಂದು ತಪ್ಪು

ಈಸ್ಟರ್ ಕಳೆದ ಮೊದಲ ಗುರುವಾರದಿಂದ ಹೆಡ್ಲಿ ನನ್ನನ್ನು ನೋಡತೊಡಗಿದ.

ಇದರಲ್ಲೇನು ವಿಶೇಷ ಅನ್ನಬೇಡಿ. ಹನ್ನೆರಡು ವರ್ಷದಿಂದ ಪ್ರತಿ ಗುರುವಾರ ಸಂಜೆ, ಪ್ರತಿ ಭಾನುವಾರ ಬೆಳಿಗ್ಗೆ, ನಮ್ಮ ಚರ್ಚಿನ ಗೋಪುರದಲ್ಲಿ ಒಂದೇ ಸುತ್ತಿನಲ್ಲಿ ನಿಂತು ಗಂಟೆಯ ಹಗ್ಗ ಎಳೆದವರು ನಾವು. ನನ್ನದು ಒಂದನೇ ಗಂಟೆ. ಆರರಲ್ಲಿ ಎಲ್ಲಕ್ಕಿಂತ ಸಣ್ಣದು, ಎಲ್ಲಕ್ಕಿಂತ ಮೊದಲು ಬಾಯಿ ತೆರೆಯುವಂಥದ್ದು. ಅವನದು ಮೂರನೆಯದು. ಅಷ್ಟು ವರ್ಷವೂ ಅವನು ನೋಡಿದ್ದು ಗೋಡೆಯ ಹಳೇ ಫೋಟೋಗಳನ್ನು, ಹೆಚ್ಚೆಂದರೆ ಎರಡನೇ ಹಗ್ಗ ಎಳೆಯುವ ಮಾಂಸದಂಗಡಿ ಕ್ಲೆಮ್‌ನ ಹೊಟ್ಟೆಯನ್ನು. ಮನೆಗಳಿಗೆ ಹುಲ್ಲಿನ ಚಾವಣಿ ಹೊದಿಸುವ ಕೆಲಸ ಅವನದು. ದಿನವಿಡೀ ಏಣಿಯ ಮೇಲೆ ಒಬ್ಬನೇ ಇದ್ದು ಮಾತು ಮರೆತಿದ್ದಾನೆ ಎಂದು ನಾವೆಲ್ಲ ಅಂದುಕೊಂಡಿದ್ದೆವು.

ಈಗ ಇದ್ದಕ್ಕಿದ್ದ ಹಾಗೆ ನನ್ನನ್ನು! ನನ್ನ ಕೈ ಮೇಲೆ ಹೋದರೆ ಅವನ ಕಣ್ಣು ಮೇಲೆ. ಕೈ ಇಳಿದರೆ ಕಣ್ಣೂ ಇಳಿಯುತ್ತಿತ್ತು. ರೆಪ್ಪೆ ಬಡಿಯುತ್ತಿರಲಿಲ್ಲ. ನನ್ನ ಮೂವತ್ತಾರು ವರ್ಷದ ಬಾಳಿನಲ್ಲಿ ಇಷ್ಟು ಶ್ರದ್ಧೆಯಿಂದ ನನ್ನ ಮುಖ ನೋಡಿದವರೆಂದರೆ ಹಲ್ಲಿನ ಡಾಕ್ಟರ್ ಒಬ್ಬರೇ.

ಕುತೂಹಲ ನನಗೆ ಹುಟ್ಟಿನಿಂದ ಬಂದದ್ದು. ಕುದುರೆಯ ಜೀನು, ಲಗಾಮು ಹೊಲಿಯುವ ಅಂಗಡಿ ನನ್ನದು. ಪಟ್ಟಿ ಸವೆದ ರೀತಿ ನೋಡಿ ಕುದುರೆ ಯಾವ ಕಡೆ ವಾಲುತ್ತದೆ ಎಂದು ಹೇಳಿಬಿಡುತ್ತೇನೆ. ಈ ಮನುಷ್ಯ ಯಾಕೆ ವಾಲಿದ ಅನ್ನುವುದು ಮಾತ್ರ ತಿಳಿಯಲಿಲ್ಲ.

ಊರಿನವರಿಗೆ ಚೆನ್ನಾಗಿ ತಿಳಿದಿತ್ತು.

"ನಿನ್ನ ನೋಡ್ಕೊಂಡು ಇವತ್ತು ನಾಲ್ಕು ಸಲ ತಪ್ಪು ಹೊಡೆದ ಕಣೇ ಜೆಸಮಿ," ಎಂದ ಕ್ಲೆಮ್, ಅಭ್ಯಾಸ ಮುಗಿಸಿ ಎದುರಿನ ಪಬ್ಬಿನಲ್ಲಿ ಕೂತಾಗ. "ಪಾಪ, ಮದುವೆ ಮಾಡ್ಕೊಂಡ್ಬಿಡು. ನಮ್ಮ ಕಿವಿಯಾದ್ರೂ ಉಳಿಯುತ್ತೆ."

"ನಾನು ಗಂಟಲು ಹರ್ಕೊಂಡು ಕೂಗ್ತೀನಿ, ಇವನು ಕಂಬದ ಹಾಗೆ ನಿಂತಿರ್ತಾನೆ," ಎಂದರು ಡಾರ್ಕಸ್ ಆಂಟಿ. ನಮ್ಮ ತಂಡದ ಮುಖ್ಯಸ್ಥೆ ಅವರು; ನಲವತ್ತು ವರ್ಷ ಸೂಲಗಿತ್ತಿಯಾಗಿದ್ದು, ಎಪ್ಪತ್ತೊಂದರಲ್ಲೂ ಎಲ್ಲಕ್ಕಿಂತ ದೊಡ್ಡದಾದ ಆರನೇ ಗಂಟೆಯನ್ನು ಸೌಟು ಆಡಿಸಿದಷ್ಟು ಸಲೀಸಾಗಿ ಆಡಿಸುವವರು.

ಇಂಗ್ಲೆಂಡಿನ ಈ ಡೆವನ್ ಸೀಮೆಯಲ್ಲಿ ನಾವು ಬಾರಿಸುವುದೇ ಕೂಗಿನ ಮೇಲೆ. ಮೊದಲು ಒಂದರಿಂದ ಆರರವರೆಗೆ ನೇರ ಸಾಲು. ಆಮೇಲೆ ಆಂಟಿ "ಮೂರು ನಾಲ್ಕರ ಹಿಂದೆ!" ಎಂದು ಕೂಗಿದರೆ ಮೂರನೆಯವನು ನಾಲ್ಕನೆಯವಳಿಗೆ ದಾರಿ ಬಿಟ್ಟು, ಅವಳ ಹಗ್ಗ ನೋಡಿಕೊಂಡು ಎಳೆಯಬೇಕು. ಹೀಗೆ ಒಂದೊಂದೇ ಕೂಗಿಗೆ ಸಾಲು ಬದಲಾಗುತ್ತ ಹೋಗಿ, ಕೊನೆಗೆ ಮತ್ತೆ ನೇರ ಸಾಲಿಗೆ ಬಂದು ನಿಲ್ಲುತ್ತದೆ. ಕೂಗಿಗೆ ಓಗೊಡದವನು ಆರೂ ಜನರ ಶ್ರಮವನ್ನು ಹಾಳುಮಾಡುತ್ತಾನೆ. ಅದರಲ್ಲೂ ಆ ಜೂನ್‌ನಲ್ಲಿ ಗಂಟೆ ಸ್ಪರ್ಧೆ ನಮ್ಮ ಗೋಪುರದಲ್ಲೇ ಇತ್ತು, ಗೆದ್ದವರಿಗೆ ಕೊಡುವ ಫಲಕ ನಮ್ಮ ಕೈ ಬಿಟ್ಟು ಹತ್ತೊಂಬತ್ತು ವರ್ಷವಾಗಿತ್ತು.

ಹೆಡ್ಲಿ ಸೈಡರ್ ಲೋಟವನ್ನೇ ನೋಡುತ್ತಿದ್ದ. ಕಿವಿಯ ತುದಿ ಕೆಂಪಾಗಿತ್ತು. ಆ ಕೆಂಪು ಕಿವಿ ನನ್ನ ತಲೆ ಕೆಡಿಸಿತು ಅಂತಲೇ ಹೇಳಬೇಕು.

ಮೇ ತಿಂಗಳ ಮೊದಲ ವಾರ ಅವನು ನನ್ನ ಅಂಗಡಿಗೆ ಬಂದ. ಹನ್ನೆರಡು ವರ್ಷದಲ್ಲಿ ಅದೇ ಮೊದಲು.

"ಒಂದು ಬೆಲ್ಟ್ ಬೇಕಿತ್ತು. ಇಷ್ಟುದ್ದ," ಎಂದು ಎರಡೂ ಕೈ ಚಾಚಿ ತೋರಿಸಿದ. "ಗಟ್ಟಿ ಬಕಲ್ ಇರಲಿ."

"ಯಾವ ಪ್ರಾಣಿಗೆ?"

"ಪ್ರಾಣಿಗಲ್ಲ."

"ಮತ್ತೆ ನಿನಗಾ? ನಿನ್ನ ಸೊಂಟಕ್ಕೆ ಸಾಲಲ್ಲ, ಕತ್ತಿಗೆ ಜಾಸ್ತಿ ಆಯ್ತು."

ನಕ್ಕ. ಹೆಡ್ಲಿ ನಕ್ಕಿದ್ದನ್ನು ಅಷ್ಟು ಹತ್ತಿರದಿಂದ ನಾನು ಕಂಡಿರಲಿಲ್ಲ. ಎಡ ಕೆನ್ನೆಯಲ್ಲಿ ಗುಳಿ ಬೀಳುತ್ತದೆ. ಯಾಕೆ ಬೇಕು ಅನ್ನುವುದನ್ನು ಮಾತ್ರ ಹೇಳಲಿಲ್ಲ. ಎರಡು ಎಳೆಯ ಹೊಲಿಗೆ ಹಾಕಿ, ಅಂಚು ಮೇಣದಿಂದ ತಿಕ್ಕಿ ಕೊಟ್ಟೆ. ನಾನು ಮಾತಾಡುವಷ್ಟು ಹೊತ್ತೂ ನನ್ನ ತುಟಿಯನ್ನೇ ನೋಡುತ್ತಿದ್ದ. ಅವನು ಹೋದ ಮೇಲೆ ಕನ್ನಡಿಯ ಮುಂದೆ ನಿಂತು ನನ್ನ ತುಟಿಯನ್ನು ನಾನೇ ನೋಡಿಕೊಂಡೆ. ಹಾಗೇನೂ ಕೆಟ್ಟದಾಗಿರಲಿಲ್ಲ.

ಸರಿ, ಇನ್ನು ಕಾಯುವುದಿಲ್ಲ, ಭಾನುವಾರ ನಾನೇ ಕೇಳಿಬಿಡುತ್ತೇನೆ ಎಂದು ನಿರ್ಧರಿಸಿದೆ.

ಆ ಭಾನುವಾರ ಹಸಿರು ಕಾರ್ಡಿಗನ್ ಹಾಕಿಕೊಂಡು ಹೋದೆ. ಆರೂ ಜನ ಹಗ್ಗ ಹಿಡಿದೆವು. "ನೋಡ್ಕೊಳ್ಳಿ... ಹೊರಟಿತು!" ಎಂದು ನಾನು ಎಳೆದೆ. ನನ್ನ ಗಂಟೆ, ಕ್ಲೆಮ್‌ನದು, ಆಮೇಲೆ ಒಂದು ಖಾಲಿ ಜಾಗ, ಆಮೇಲೆ ನಾಲ್ಕು, ಐದು, ಆರು. ಮತ್ತೆ ಒಂದು, ಎರಡು, ಖಾಲಿ. ಬಿದ್ದ ಹಲ್ಲಿನ ಸಂದಿಯ ಹಾಗೆ ಮೂರನೇ ಗಂಟೆಯ ಜಾಗದಲ್ಲಿ ಏನೂ ಇಲ್ಲ!

ನಾಲ್ಕು ಮತ್ತು ಐದನೇ ಹಗ್ಗ ಎಳೆಯುವ, ಯೋ ಮನೆತನದ ಅಕ್ಕತಂಗಿಯರು ಕಿಸಕ್ಕನೆ ನಕ್ಕರು. ಎಲ್ಲರಿಗೂ ಅರ್ಥವಾಗಿತ್ತು. ಊರಿಗೆ ಕೇಳಿಸದಂತೆ ಒಬ್ಬರೇ ಅಭ್ಯಾಸ ಮಾಡಬೇಕಾದರೆ ಗಂಟೆಯ ನಾಲಗೆಯನ್ನು ಕಟ್ಟುತ್ತೇವೆ. ಗಂಟೆ ತೂಗುತ್ತದೆ, ಸದ್ದು ಬರುವುದಿಲ್ಲ. ಯಾರೋ ಕಟ್ಟಿದ್ದಾರೆ, ಬಿಚ್ಚಲು ಮರೆತಿದ್ದಾರೆ.

"ನಿಲ್ಸಿ!" ಎಂದು ಆಂಟಿ ಕೂಗಿದರು.

ಐವರೂ ನಿಲ್ಲಿಸಿದೆವು. ಹೆಡ್ಲಿ ನಿಲ್ಲಿಸಲಿಲ್ಲ. ಅವನ ಕಣ್ಣು ನನ್ನ ಕೈಯ ಮೇಲೆಯೇ ಇತ್ತು. ನನ್ನ ಕೈ ನಿಂತದ್ದು ಕಂಡ ಮೇಲಷ್ಟೇ ಬೆಚ್ಚಿಬಿದ್ದು ಹಗ್ಗ ಹಿಡಿದು ನಿಲ್ಲಿಸಿದ. ಎಲ್ಲರೂ ನಗುತ್ತಿದ್ದೇವೆ, ಯಾಕೆಂದು ಅವನಿಗೆ ತಿಳಿದಿಲ್ಲ. ತನ್ನ ಗಂಟೆ ಒಂದು ಸಲವೂ ಕೂಗಲಿಲ್ಲ ಅನ್ನುವುದೇ ಅವನಿಗೆ ಗೊತ್ತಾಗಿರಲಿಲ್ಲ.

ನನ್ನ ನಗು ಅಲ್ಲೇ ಒಣಗಿತು.

ಗಂಟೆಗಳ ನಿಗಾ ನನ್ನದೇ ಆದ್ದರಿಂದ, ಇದ್ದ ಐದರಲ್ಲೇ ಹೇಗೋ ಪ್ರಾರ್ಥನೆಯ ಕರೆ ಮುಗಿಸಿ, ಎಲ್ಲರೂ ಇಳಿದ ಮೇಲೆ ಏಣಿ ಹತ್ತಿದೆ. ಮೂರನೇ ಗಂಟೆಯ ನಾಲಗೆಗೆ ಬಿಗಿದಿದ್ದದ್ದು ನನ್ನದೇ ಬೆಲ್ಟ್. ನನ್ನದೇ ಎರಡೆಳೆಯ ಹೊಲಿಗೆ. ಹಿಂದೆಯೇ ಹೆಡ್ಲಿ ಹತ್ತಿ ಬಂದ.

"ಯಾವಾಗಿಂದ?" ಎಂದು ಕೇಳಿದೆ.

ಸುಳ್ಳು ಹೇಳಲು ಹೋಗಲಿಲ್ಲ. "ಚಳಿಗಾಲದಿಂದ. ಎದುರು ನಿಂತು ಮಾತಾಡಿದ್ರೆ ಪರವಾಗಿಲ್ಲ. ಇಲ್ಲಿ ಎಲ್ಲಾ ಸೇರಿ ಗುಂಯ್ ಅನ್ನುತ್ತೆ, ಅಷ್ಟೆ. ನನ್ನ ಗಂಟೆ ಯಾವ್ದು, ಆಂಟಿ ಏನಂದ್ರು, ಒಂದೂ ತಿಳಿಯಲ್ಲ. ಅಪ್ಪನಿಗೂ ನಲವತ್ತಕ್ಕೇ ಕಿವಿ ಹೋಗಿತ್ತು. ಮಷಿನ್ ಕೊಟ್ಟಿದಾರೆ, ಇಲ್ಲಿ ಹಾಕ್ಕೊಂಡ್ರೆ ಶಿಳ್ಳೆ ಹೊಡೆಯುತ್ತೆ."

"ಅದಕ್ಕೇ ಒಬ್ಬನೇ ಬಂದು..."

"ಕೈಯಲ್ಲೇ ಕಲೀಬಹುದಾ ಅಂತ ನೋಡಿದೆ. ಹಗ್ಗದ ಎಳೆತದಲ್ಲೇ. ಹನ್ನೊಂದನೇ ವಯಸ್ಸಿಂದ ಬಾರಿಸ್ತಿದೀನಿ ಜೆಸಮಿ. ಇದನ್ನೂ ಬಿಟ್ರೆ ನಂಗೆ ಏಣಿ ಬಿಟ್ಟು ಬೇರೇನೂ ಇಲ್ಲ."

ಬಿಚ್ಚೋಣವೆಂದು ಬಕಲ್‌ಗೆ ಕೈ ಹಾಕಿದೆ. ಆದರೂ ಹಾಳು ಕುತೂಹಲ ಬಿಡಬೇಕಲ್ಲ.

"ಈಸ್ಟರ್‌ನಿಂದ ನನ್ನನ್ನೇ ನೋಡ್ತಿದ್ದದ್ದು?"

"ನೀನು ಒಂದನೇ ಗಂಟೆ ಅಲ್ವಾ. ಸಾಲು ನಿನ್ನಿಂದ್ಲೇ ಶುರು. ನಿನ್ನ ಕೈ ಇಳಿದ ಕೂಡ್ಲೇ ಒಂದು, ಎರಡು ಅಂತ ಎಣಿಸ್ಕೊಂಡು ಎಳೀತಿದ್ದೆ."

ಎಣಿಸಿಕೊಳ್ಳುವುದಕ್ಕೆ! ಊರೆಲ್ಲ ನನ್ನನ್ನು ಮದುವಣಗಿತ್ತಿ ಮಾಡಿತ್ತು; ಇವನಿಗೆ ನಾನು ಗೋಡೆ ಗಡಿಯಾರ. ಹಸಿರು ಕಾರ್ಡಿಗನ್ ಮೈಗೆ ಚುಚ್ಚಿದ ಹಾಗಾಯಿತು. ಅವನಿಗೆ ಬೆನ್ನು ಮಾಡಿ ಬೆಲ್ಟ್ ಬಿಚ್ಚುತ್ತ, "ಅಷ್ಟೇನಾ?" ಎಂದು ಕೇಳಿದೆ.

ಅವನು ಉತ್ತರ ಕೊಡಲಿಲ್ಲ.

ಕೆಳಗಿಳಿದರೆ ಆಂಟಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. "ನಂಗೇನೂ ಹೇಳ್ಬೇಡಿ, ಕಣ್ಣಿಲ್ವಾ ನಂಗೆ?" ಎಂದು ಹೆಡ್ಲಿಯ ಎದುರಿಗೇ ಬಂದು, ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು. "ನೋಡು ಮಗಾ. ತಲೆ ಮೇಲೆ ಟನ್‌ಗಟ್ಟಲೆ ಲೋಹ ತೂಗ್ತಿರುತ್ತೆ. 'ನಿಲ್ಸು' ಅಂದಿದ್ದು ತಿಳೀದೆ ಇರೋನನ್ನ ನಾನು ಸುತ್ತಿನೊಳಗೆ ಇಟ್ಕೊಳಕ್ಕಾಗಲ್ಲ. ಸ್ಪರ್ಧೆಗೆ ಐದು ವಾರ ಇದೆ. ಕಣ್ಣಲ್ಲೇ ಬಾರಿಸಿ ತೋರ್ಸು. ಅವತ್ತು ಮೂರನೇ ಗಂಟೆ ಒಂದೂ ತಪ್ಪಿಲ್ದೆ ಬಂದ್ರೆ ಹಗ್ಗ ಸಾಯೋವರೆಗೂ ನಿಂದೇ. ಬರದಿದ್ರೆ ನೀನೇ ಬಿಡ್ತೀಯ. ಆಗ್ಬಹುದಾ?"

"ಆಗ್ಬಹುದು," ಎಂದ. ಮುಖ ಬಿಳಿಚಿಕೊಂಡಿತ್ತು.

"ಕೂಗು ನಾನು ಹೇಳ್ತೀನಿ ಇವನಿಗೆ," ಎಂದೆ ನಾನು. ಕೋಪ ಬಂದಾಗ ನನಗೆ ಬುದ್ಧಿ ಚುರುಕು. "ಕಣ್ಣಲ್ಲೇ. ಅವನ ಕರೆ ಬಂದಾಗ ಯಾರ ಹಿಂದೆ ಹೋಗ್ಬೇಕೋ ಅವರ ಕಡೆ ನೋಡ್ತೀನಿ. ನನ್ನ ಕಣ್ಣು ಎಲ್ಲಿ ಹೋಗುತ್ತೋ ಆ ಹಗ್ಗ ಹಿಡ್ಕೊಳ್ಳಲಿ. ನಿಲ್ಸೋವಾಗ ಕಣ್ಣು ಮುಚ್ತೀನಿ."

ಆಂಟಿ ಸುತ್ತನ್ನು ಒಮ್ಮೆ ನೋಡಿದರು. ಒಂದನೇ ಹಗ್ಗದ ಹಿಂದೆ ಪಡುವಣ ಕಿಟಕಿ, ಸ್ಪರ್ಧೆ ಇಳಿಹೊತ್ತಿಗೆ. ಬಿಸಿಲು ಹಿಂದಿನಿಂದ ಹೊಡೆದರೆ ಮುಖ ಕಾಣುವುದಿಲ್ಲ. "ನೀನು ಐದಕ್ಕೆ ಹೋಗು. ಯೋ ಚಿಕ್ಕೋಳು ಒಂದಕ್ಕೆ ಬರ್ತಾಳೆ," ಎಂದರು.

ಹೀಗೆ ಐದು ವಾರ ನಾನು ಹೆಡ್ಲಿಗೆ ಕಿವಿಯಾದೆ. ಮೊದಮೊದಲು ಮುಖ ಗಂಟಿಕ್ಕಿಕೊಂಡೇ ನೋಡುತ್ತಿದ್ದೆ. ಆದರೆ ಒಬ್ಬರ ಕಣ್ಣನ್ನು ವಾರಕ್ಕೆ ಮೂರು ಸಂಜೆ ನೆಟ್ಟ ನೋಟದಿಂದ ನೋಡುತ್ತ ಮುನಿಸು ಉಳಿಸಿಕೊಳ್ಳುವುದು ಸುಲಭವಲ್ಲ. ಅವನ ಕಣ್ಣು ಬೂದು ಬಣ್ಣದ್ದು, ಬಲಗಣ್ಣಿನಲ್ಲಿ ಒಂದು ಕಂದು ಚುಕ್ಕೆ. ಕೂಗು ಸರಿಯಾಗಿ ಸಿಕ್ಕಿದಾಗ ಆ ಚುಕ್ಕೆಯ ಸುತ್ತ ಸಣ್ಣಗೆ ಸುಕ್ಕು ಕಟ್ಟುತ್ತದೆ. ಅವನಿಗೆ ಬೇಕಾದ್ದು ನನ್ನ ಕಣ್ಣು ತೋರಿಸುವ ದಿಕ್ಕು ಮಾತ್ರ ಎಂದು ನನಗೆ ನಾನೇ ದಿನವೂ ಹೇಳಿಕೊಂಡೆ. ಹೇಳಿಕೊಂಡೇ ಮನೆಗೆ ಹೋಗಿ ನಿದ್ದೆಗೆಟ್ಟೆ.

ಸ್ಪರ್ಧೆಯ ಶನಿವಾರ ಏಳು ಊರಿನ ತಂಡಗಳು ಬಂದವು. ಯಾರು ಬಾರಿಸುತ್ತಿದ್ದಾರೆಂದು ತಿಳಿಯಬಾರದೆಂದು ತೀರ್ಪುಗಾರರನ್ನು ಎದುರಿನ ಶಾಲೆಯ ಕೋಣೆಯಲ್ಲಿ ಪರದೆ ಎಳೆದು ಕೂರಿಸಿದ್ದರು. ಒಂದೊಂದು ಏಟನ್ನೂ ಕಿವಿಗೊಟ್ಟು ಕೇಳಿ, ಮುಂಚೆ ಬಿದ್ದರೂ ತಡವಾಗಿ ಬಿದ್ದರೂ ತಪ್ಪು ಬರೆದುಕೊಳ್ಳುವವರು ಅವರು.

ನಮ್ಮ ಸರದಿ ಕೊನೆಗೆ ಬಂತು. ಅಂಗೈ ಬೆವರಿ ಹಗ್ಗದ ಉಣ್ಣೆಯ ಹಿಡಿ ಜಾರುತ್ತಿತ್ತು.

"ಮೂರು ನಾಲ್ಕರ ಹಿಂದೆ!" ನನ್ನ ಕಣ್ಣು ಯೋ ಅಕ್ಕನ ಕಡೆ ಹೋಯಿತು. ಹೆಡ್ಲಿಯ ಕಣ್ಣು ಅದರ ಹಿಂದೆಯೇ. ಗಂಟೆ ಸರಿಯಾಗಿ ತನ್ನ ಜಾಗದಲ್ಲಿ ಬಿತ್ತು. "ಮೂರು ಆರರ ಹಿಂದೆ!" ಆಂಟಿಯ ಕಡೆ ನೋಡಿದೆ. ಬಿತ್ತು. ಹದಿನೈದು ನಿಮಿಷ, ಅರವತ್ತು ಕೂಗು. ಒಂದೂ ತಪ್ಪಲಿಲ್ಲ. ಕ್ಲೆಮ್ ಕೂಡ ಉಸಿರು ಬಿಗಿಹಿಡಿದಿದ್ದ.

ಕೊನೆಗೆ ನೇರ ಸಾಲಿಗೆ ಬಂದೆವು. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಇನ್ನು ಕೂಗಿಲ್ಲ, ಒಂದು ನಿಮಿಷ ಹೀಗೇ ಬಾರಿಸಿ ನಿಲ್ಲಿಸಿದರಾಯಿತು. ಅಲ್ಲಿಯವರೆಗೆ ನನ್ನ ಕಣ್ಣಿಗೆ ಕೆಲಸ ಇರಲಿಲ್ಲ. ಮೂರನೆಯವನು ಈಗ ನೋಡಬೇಕಾದ್ದು ಎರಡನೇ ಹಗ್ಗವನ್ನು, ಕ್ಲೆಮ್‌ನನ್ನು. ನಿಲ್ಲಿಸುವ ಹೊತ್ತಿಗೆ ಆಂಟಿ ನನಗೆ ತಲೆಯಾಡಿಸುತ್ತಾರೆ, ಆಗ ನೋಡಿದರೆ ಸಾಕು ಎಂದು ಮನಸ್ಸಿಗೆ ಬುದ್ಧಿ ಹೇಳಿದೆ.

ನೋಡಿಬಿಟ್ಟೆ.

ಹೆಡ್ಲಿ ನನ್ನನ್ನು ನೋಡುತ್ತಿದ್ದ. ನನ್ನ ಕೈಯನ್ನಲ್ಲ, ಹಗ್ಗವನ್ನಲ್ಲ. ಎಣಿಸುವವರ ತುಟಿ ಸಣ್ಣಗೆ ಅಲುಗುತ್ತದೆ. ಅವನ ತುಟಿ ಅಲುಗುತ್ತಿರಲಿಲ್ಲ. ಐದು ವಾರದಲ್ಲಿ ಅವನ ಕೈ ಎಷ್ಟು ಪಳಗಿತ್ತೆಂದರೆ, ಕ್ಲೆಮ್‌ನನ್ನು ನೋಡದೆಯೇ ಅವನ ಗಂಟೆ ತನ್ನ ಜಾಗದಲ್ಲಿ ಬೀಳುತ್ತಿತ್ತು. ಸುಮ್ಮನೆ ನೋಡುತ್ತಿದ್ದ. ಕಂದು ಚುಕ್ಕೆಯ ಸುತ್ತ ಸುಕ್ಕು, ಎಡ ಕೆನ್ನೆಯಲ್ಲಿ ಗುಳಿ.

ನನ್ನ ಗಂಟೆ ತಡವಾಗಿ ಬಿತ್ತು. ಬಹಳವಲ್ಲ, ಒಂದು ಉಸಿರಿನಷ್ಟು.

ಚರ್ಚಿನ ಪಕ್ಕದ ಹಾಲ್‌ನಲ್ಲಿ ಚಹಾ, ಸ್ಕೋನ್ ಬನ್ನು, ಮೇಲೆ ಕೆನೆ. ತೀರ್ಪುಗಾರ ಕನ್ನಡಕ ಸರಿಮಾಡಿಕೊಂಡು ಕೆಳಗಿನ ಜಾಗದಿಂದ ಓದುತ್ತ ಬಂದರು. ನಾವು ಎರಡನೆಯವರು. ಅರ್ಧ ಅಂಕದಿಂದ ಫಲಕ ತಪ್ಪಿತ್ತು.

"ಬಹಳ ಚೆನ್ನಾಗಿತ್ತು," ಎಂದರು ಅವರು. "ಮೂರನೇ ಗಂಟೆಯಂತೂ ಅಚ್ಚುಕಟ್ಟು, ಒಂದೇ ಒಂದು ತಪ್ಪಿಲ್ಲ. ಐದನೆಯದು ಕೊನೆಯ ಸಾಲುಗಳಲ್ಲಿ ಒಮ್ಮೆ ತಡವಾಯಿತು. ಅದೊಂದು ಇಲ್ಲದಿದ್ದರೆ..."

ಐದು ಜೊತೆ ಕಣ್ಣು ನನ್ನ ಕಡೆ ತಿರುಗಿದವು.

"ಹತ್ತೊಂಬತ್ತು ವರ್ಷ ಕಣೇ!" ಎಂದ ಕ್ಲೆಮ್, ಅಳುವುದೊಂದು ಬಾಕಿ. "ಏನಾಗಿತ್ತು ನಿಂಗೆ?"

"ಅವಳಿಗೆ ಏನಾಗಿತ್ತು ಅಂತ ಮೇ ತಿಂಗಳಿಂದ ನಂಗೊತ್ತು," ಎಂದು ಆಂಟಿ ಸ್ಕೋನ್‌ಗೆ ಜ್ಯಾಮ್ ಬಳಿದರು. "ಹೆಡ್ಲಿ, ಹಗ್ಗ ನಿಂದೇನಪ್ಪಾ. ಈಗ ಈ ಹುಡುಗೀನ ಹೊರಗೆ ಕರ್ಕೊಂಡು ಹೋಗು. ಮುಖ ನೋಡು, ಕುದೀತಾ ಇದೆ."

ಹೊರಗೆ ಸಮಾಧಿಗಳ ನಡುವಿನ ಹುಲ್ಲಿನಲ್ಲಿ ಬಿಸಿಲು ಇನ್ನೂ ಇತ್ತು. ಅವನ ಎದುರಿಗೇ ನಿಂತೆ, ಮುಖ ಚೆನ್ನಾಗಿ ಕಾಣುವಂತೆ.

"ನೇರ ಸಾಲಲ್ಲಿ ನೀನು ನೋಡ್ಬೇಕಾದ್ದು ಕ್ಲೆಮ್‌ನ."

"ಹೌದು."

"ಮತ್ತೆ ಯಾಕೆ ನೋಡ್ಲಿಲ್ಲ?"

"ಕ್ಲೆಮ್‌ನ ಹನ್ನೆರಡು ವರ್ಷ ನೋಡಿದೀನಿ. ಸಾಕು."

ನಗು ಬಂತು, ತಡೆದುಕೊಂಡೆ. "ತಮಾಷೆ ಬೇಡ. ಫಲಕ ಹೋಯ್ತು ನಿನ್ನಿಂದ."

"ನಿನ್ನಿಂದ," ಎಂದು ತಿದ್ದಿದ. ಆಮೇಲೆ ತಲೆ ತಗ್ಗಿಸಿ, "ಅವತ್ತು ಮೇಲೆ, ಗಂಟೆ ಹತ್ರ, ನೀನು ಆ ಕಡೆ ತಿರುಗಿ ಏನೋ ಕೇಳಿದೆ. ನಿನ್ನ ಹೆಗಲು ಅಲುಗಿದ್ದು ಕಾಣಿಸ್ತು. ಏನು ಅಂತ ಕೇಳಕ್ಕೆ ಧೈರ್ಯ ಬರ್ಲಿಲ್ಲ. ಐದು ವಾರದಿಂದ ತಲೆ ತಿಂತಿದೆ ಅದು," ಎಂದ.

ಅಯ್ಯೋ ದೇವರೇ! ಐದು ವಾರ ನಾನು ಕೊರಗಿದ್ದದ್ದು ಅವನ ಕಿವಿಗೆ ಬೀಳದೇ ಹೋದ ಪ್ರಶ್ನೆಯೊಂದಕ್ಕೆ.

ಅವನ ಗಲ್ಲ ಹಿಡಿದು ಮುಖ ಮೇಲೆತ್ತಿದೆ. ಕಂದು ಚುಕ್ಕೆ ನನ್ನ ತುಟಿಯ ಮೇಲೆ ಬಂದು ನಿಂತಿತು.

"ನನ್ನನ್ನ ನೋಡ್ತಿದ್ದದ್ದು ಎಣಿಸ್ಕೊಳ್ಳೋದಕ್ಕೆ ಅಂದೆ," ಎಂದು ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದೆ. "ಅಷ್ಟೇನಾ, ಅಂತ ಕೇಳಿದ್ದೆ."

ಕಿವಿಯ ತುದಿ ಕೆಂಪಾಯಿತು.

"ಎಣಿಸೋದು ಎರಡನೇ ವಾರಕ್ಕೇ ಮರ್ತುಹೋಗಿತ್ತು," ಎಂದ. "ತಪ್ಪು ಹೊಡೀತಿದ್ದದ್ದು ಅದಕ್ಕೂ ಸ್ವಲ್ಪ. ನಿನ್ನ ಕಂಡ್ರೆ ನಂಗೆ ಇಷ್ಟ ಜೆಸಮಿ. ಕಿವಿ ಇದ್ದಾಗಿಂದ್ಲೂ."

ಹಾಲ್‌ನ ಕಿಟಕಿಯಲ್ಲಿ ಯೋ ಅಕ್ಕತಂಗಿಯರ ಎರಡು ತಲೆ, ಅವುಗಳ ಮೇಲೆ ಕ್ಲೆಮ್‌ನದು. ನೋಡಿಕೊಳ್ಳಲಿ. ನನಗೆ ಪ್ರತಿಯೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತ್ತು.

"ಕೇಳಿಸ್ಲಿಲ್ಲ," ಎಂದೆ. "ಇನ್ನೊಂದ್ಸಲ ಹೇಳು."